ಮಡುವಿನ ಬಾಳೆ

ಮಾರ್ಚ್ ಕಳೆಯುವ ಹೊತ್ತಿಗೆ ಹರಿಹರದ ಬಳಿ ತುಂಗಭದ್ರೆಯ ಬಂಡೆಗಳು ಮೈ ತೋರುತ್ತವೆ. ಹರಿವು ಸೊರಗಿ ಕವಲುಗಳಾಗಿ ಒಡೆಯುತ್ತದೆ. ಆಗ ದೊಡ್ಡ ಮೀನುಗಳಿಗೆ ಉಳಿಯುವ ಆಸರೆ ಮಡುಗಳು ಮಾತ್ರ.

ಇಂಥ ಮಡುಗಳ ಯಜಮಾನ ಬಾಳೆಮೀನು. 1801ರಲ್ಲೇ ವಿಜ್ಞಾನದ ದಾಖಲೆಗೆ ಸೇರಿದ ವಲ್ಲಾಗೊ ಅಟ್ಟು ಇದೇ. ಕಣ್ಣನ್ನೂ ದಾಟಿ ಹಿಂದಕ್ಕೆ ಸೀಳಿದ ಬಾಯಿ, ಉದ್ದನೆಯ ಮೀಸೆ, ಹುರುಪೆಯಿಲ್ಲದ ನುಣುಪು ಮೈ. ಒಂದು ಮೀಟರಿಗೂ ಮೀರಿ ಬೆಳೆಯಬಲ್ಲದು. ದಡದಲ್ಲಿ ಎಷ್ಟು ಹೊತ್ತು ಕೂತರೂ ಹಗಲಲ್ಲಿ ಅದು ಕಾಣುವುದು ಅಪರೂಪ. ಅದರ ಸುಳಿವು ಕೊಡುವುದು ಸಣ್ಣ ಮೀನುಗಳು. ಹೊತ್ತು ಮುಳುಗಿದ ಮೇಲೆ ಅಂಚಿನ ನೀರಲ್ಲಿ ಮೇಯುತ್ತಿದ್ದ ಹಿಂಡು ಇದ್ದಕ್ಕಿದ್ದಂತೆ ಮೇಲೆ ಚಿಮ್ಮಿ ಚದುರುತ್ತದೆ. ಒಂದು ಭಾರವಾದ ಸುಳಿ ಏಳುತ್ತದೆ. ಆಮೇಲೆ ಏನೂ ಇಲ್ಲ. ಮತ್ತೆ ಕಾಯಬೇಕು.

ಮುರ್ಡೇಶ್ವರದಾಚೆ ಕಡಲಲ್ಲಿರುವ ನೇತ್ರಾಣಿ ದ್ವೀಪದ ಹವಳದ ಬಂಡೆಗಳ ಸಂದಿನಲ್ಲಿ ಮುರು ಮೀನು (ಗ್ರೂಪರ್) ಬದುಕುವ ರೀತಿಯೂ ಬಹುಮಟ್ಟಿಗೆ ಇದೇ: ಹೊಂಚು ಹಾಕುವುದು, ಬೇಟೆ ಹತ್ತಿರ ಬಂದಾಗ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುವುದು. ಅಲ್ಲಿ ತಿಳಿನೀರಿಗೆ ಮುಳುಗುಗಾರರು ಇಳಿದು ಕಣ್ಣಾರೆ ನೋಡುತ್ತಾರೆ. ನಮ್ಮ ಕದಡಿದ ಹೊಳೆಯಲ್ಲಿ ಆ ಸೌಲಭ್ಯವಿಲ್ಲ. ಬಲೆಗೆ ಬಿದ್ದದ್ದನ್ನೇ ಓದಬೇಕು. ಹುರುಪೆಯಿದ್ದರೆ ಅದರ ಉಂಗುರ ನೋಡಿ ವಯಸ್ಸು ಅಂದಾಜು ಮಾಡಬಹುದಿತ್ತು. ಬಾಳೆಗೆ ಅದೂ ಇಲ್ಲದ್ದರಿಂದ ಬೆನ್ನೆಲುಬಿನ ಮಣಿಗಳಲ್ಲಿ ಹುಡುಕಬೇಕು. ಹೊಟ್ಟೆ ಸೀಳಿದರೆ ಅದು ಏನು ತಿಂದಿತ್ತೆಂಬುದು ಸಿಗುತ್ತದೆ. ಹರಿಗೋಲಿನಲ್ಲಿ ಬಲೆ ಬಿಡುವ ಅಂಬಿಗರಿಗೆ ಯಾವ ಮಡು ಎಷ್ಟು ಆಳ, ತಳದಲ್ಲಿ ಬಂಡೆಯೋ ಮರಳೋ ಎಂಬುದು ಕೈಗೇ ಗೊತ್ತು. ಅವರನ್ನು ಕೇಳದೆ ಮಾಡುವ ಯಾವ ನದಿ ಅಧ್ಯಯನವೂ ನನಗೆ ಅರೆಬರೆಯೆನಿಸುತ್ತದೆ.

ದಾವಣಗೆರೆಯ ಮಾರುಕಟ್ಟೆಗೆ ಬರುವ ಕಾಟ್ಲಾ, ರೋಹು ಬಹುಪಾಲು ಬಿತ್ತನೆ ಮರಿ ಬಿಟ್ಟು ಬೆಳೆಸಿದ ಮೀನುಗಳು. ಹೊಳೆಯ ಬಾಳೆ ಹಾಗಲ್ಲ, ಅದು ತನ್ನ ಸಂತಾನವನ್ನು ನದಿಯಲ್ಲೇ ಬೆಳೆಸಬೇಕು. ಇಲ್ಲಿನ ನದಿ ಕಷ್ಟವನ್ನೂ ಕಂಡಿದೆ. 1980ರ ದಶಕದಲ್ಲಿ ಕಾರ್ಖಾನೆ ತ್ಯಾಜ್ಯದ ವಿರುದ್ಧ ತೀರದ ಜನ ಹೋರಾಟಕ್ಕಿಳಿದರು. ಈಗ ಮರಳು ಎತ್ತುವುದರಿಂದ ನದಿಯ ತಳವೇ ಕದಲುತ್ತಿದೆ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಬಾಳೆ ಈಗ ಅಪಾಯಕ್ಕೀಡಾಗಬಲ್ಲ (ವಲ್ನರಬಲ್) ವರ್ಗದ ಮೀನು.

ಮುಂಗಾರಿನ ಹೊಸನೀರು ಬಂದಾಗ ಅದು ಮಡು ಬಿಟ್ಟು, ಮುಳುಗಿದ ಹುಲ್ಲಿನ ತೆಳುನೀರಿಗೆ ಮೊಟ್ಟೆಯಿಡಲು ಬರುತ್ತದೆ. ಹಿಡಿಯಲು ಅತಿ ಸುಲಭವಾಗುವುದೂ ಆಗಲೇ. ಆ ಕೆಲವು ವಾರ ದಡದ ಬಲೆಗಳನ್ನು ಮಡಚಿಟ್ಟರೆ ಮೊಟ್ಟೆಗಳಿಗೆ ಮರಿಯಾಗಲು ಕಾಲ ಸಿಗುತ್ತದೆ.