ನಾಯಕರಿಗಿಂತ ಮೊದಲೇ ಬಂದಿದ್ದ ನಾಯಕಿ

ತಗಡೂರು ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಖಾದಿ, ತಗಡೂರು ರಾಮಚಂದ್ರರಾಯರು, ಸ್ವಾತಂತ್ರ್ಯ ಚಳವಳಿ. ಈ ಸೀಮೆಗೂ ಸಿನಿಮಾಕ್ಕೂ ಏನು ನಂಟು ಎಂದರೆ ಹೆಚ್ಚಿನವರು ರಾಜ್‌ಕುಮಾರ್ ಅವರ ಊರಾದ ಗಾಜನೂರಿನ ಕಡೆ ಕೈ ತೋರಿಸಿಯಾರು. ಅಷ್ಟು ದೂರ ಹೋಗಬೇಕಿಲ್ಲ. ಪಕ್ಕದ ತಾಲ್ಲೂಕಿನ ತಿರುಮಕೂಡಲಿನಲ್ಲಿ, ಕಾವೇರಿ ಕಪಿಲೆ ಕೂಡುವಲ್ಲಿ, 1895ರಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರು 1943ರಲ್ಲಿ ‘ವಾಣಿ’ ಎಂಬ ಕನ್ನಡ ಚಿತ್ರ ತೆಗೆದರು. ನಿರ್ದೇಶನ ರಂಗಭೂಮಿಯ ಕೆ. ಹಿರಣ್ಣಯ್ಯನವರದು. ಏಳು ತಂತಿಯ ಪಿಟೀಲು, ಮೈಸೂರು ಆಸ್ಥಾನ, ಬೆಂಗಳೂರಿನಲ್ಲಿ ಪಿಟೀಲಿನದೇ ಆಕಾರದಲ್ಲಿ ಎದ್ದು ನಿಂತ ಸ್ಮಾರಕ ಭವನ, ಇವುಗಳ ನಡುವೆ ಚೌಡಯ್ಯನವರ ಈ ಸಾಹಸ ಮರೆಯಾಗಿಬಿಟ್ಟಿದೆ. ನೆನೆಯುವ ಸಂಗೀತಪ್ರಿಯರೂ ಅದರಲ್ಲಿ ಚೆಂಬೈ ವೈದ್ಯನಾಥ ಭಾಗವತರ ಹಾಡಿಕೆಗೆ ಚೌಡಯ್ಯ ಪಿಟೀಲು ನುಡಿಸಿದ ಕಚೇರಿಯ ದೃಶ್ಯವನ್ನಷ್ಟೇ ನೆನೆಯುತ್ತಾರೆ.

ಅದೇ ಚಿತ್ರದಲ್ಲಿ ಭಟ್ಕಳದ ಒಬ್ಬ ಹುಡುಗಿ ಮೊದಲ ಬಾರಿಗೆ ಕ್ಯಾಮೆರಾ ಮುಂದೆ ನಿಂತಿದ್ದಳು. ಮನೆಯಲ್ಲಿಟ್ಟ ಹೆಸರು ಗೀತಾ. ಹರಿಕಥೆ, ಪೌರಾಣಿಕ ನಾಟಕಗಳಲ್ಲಿ ಪಳಗಿದ್ದ ಹುಡುಗಿ. ಮುಂದೆ ಇಡೀ ದಕ್ಷಿಣ ಭಾರತ ಅವಳನ್ನು ಪಂಡರೀಬಾಯಿ ಎಂದು ಕರೆಯಿತು.

ಪಂಡರೀಬಾಯಿಯವರ ಬಗ್ಗೆ ಬರೆದವರೆಲ್ಲ ತಪ್ಪದೆ ಹೇಳುವ ಮಾತೊಂದಿದೆ: ಶಿವಾಜಿ ಗಣೇಶನ್ ಅವರ ಮೊದಲ ನಾಯಕಿ, ರಾಜ್‌ಕುಮಾರ್ ಅವರ ಮೊದಲ ನಾಯಕಿ. ಮಾತು ನಿಜವೇ. ಆದರೆ ಹೇಳುವ ಧಾಟಿಯಲ್ಲಿ ಆಕೆಗೇನೋ ಅದೃಷ್ಟ ಒಲಿಯಿತು ಎಂಬಂತಿರುತ್ತದೆ. ಲೆಕ್ಕ ಹಾಕಿ ನೋಡಿ. 1952ರಲ್ಲಿ ಶಿವಾಜಿಯವರ ಮೊದಲ ಚಿತ್ರ ‘ಪರಾಶಕ್ತಿ’ ಬಂದಾಗ ಪಂಡರೀಬಾಯಿ ಚಿತ್ರರಂಗಕ್ಕೆ ಬಂದು ಒಂಬತ್ತು ವರ್ಷ ಕಳೆದಿತ್ತು. ಶಿವಾಜಿ ನಾಟಕದಿಂದ ಆಗಷ್ಟೇ ಇಳಿದುಬಂದ ಬಡಕಲು ಹುಡುಗ. ಈ ಹುಡುಗ ಬೇಡ, ಬೇರೆಯವರನ್ನು ಹಾಕಿ ಎಂದು ಎವಿಎಂ ಸ್ಟುಡಿಯೊದ ಮೆಯ್ಯಪ್ಪ ಚೆಟ್ಟಿಯಾರರು ಪಟ್ಟು ಹಿಡಿದಿದ್ದರಂತೆ. ನಾಯಕಿಯನ್ನು ಬದಲಾಯಿಸಿ ಎಂದು ಯಾರೂ ಹೇಳಿದಂತಿಲ್ಲ. ಎರಡು ವರ್ಷದ ನಂತರ ‘ಬೇಡರ ಕಣ್ಣಪ್ಪ’ದಲ್ಲಿ ಎಚ್.ಎಲ್.ಎನ್. ಸಿಂಹ ಅವರು ಮುತ್ತುರಾಜನಿಗೆ ರಾಜ್‌ಕುಮಾರ್ ಎಂದು ಹೆಸರಿಟ್ಟು ನಾಯಕನನ್ನಾಗಿ ನಿಲ್ಲಿಸಿದಾಗಲೂ ಅಷ್ಟೇ: ಪಕ್ಕದಲ್ಲಿ ನೀಲಾ ಆಗಿ ನಿಂತವರು ಆಗಲೇ ಹೆಸರು ಮಾಡಿದ್ದ ನಟಿ. ಹೊಸಬರು ನಾಯಕರು. ಅವರಿಬ್ಬರಿಗೂ ನಾಯಕರಾದ ಮೊದಲ ಚಿತ್ರದಲ್ಲೇ ಇಂಥ ನಟಿ ಸಿಕ್ಕಳಲ್ಲ, ಅದು ಅವರ ಅದೃಷ್ಟ ಎಂದೇ ನಾನು ಓದಿಕೊಳ್ಳುತ್ತೇನೆ.

ಅದೇ 1954ರಲ್ಲಿ ತಮಿಳಿನಲ್ಲಿ ‘ಅಂದ ನಾಳ್’ ಬಂತು. ನಿರ್ದೇಶಕ ಎಸ್. ಬಾಲಚಂದರ್, ವೀಣೆಯ ದೊಡ್ಡ ವಿದ್ವಾಂಸರು. ಮೊದಲ ಚಿತ್ರ ಪಿಟೀಲಿನವರದು, ನನ್ನ ದೃಷ್ಟಿಯಲ್ಲಿ ಆಕೆಯ ಅತ್ಯುತ್ತಮ ಚಿತ್ರ ವೀಣೆಯವರದು. ತಮಾಷೆಯೆಂದರೆ ಆ ವೀಣೆಯವರ ಚಿತ್ರದಲ್ಲಿ ಒಂದೇ ಒಂದು ಹಾಡಿಲ್ಲ. ಎರಡನೇ ಮಹಾಯುದ್ಧದ ಹೊತ್ತಿನ ಮದ್ರಾಸು, ಒಂದು ಕೊಲೆ, ಕೊಂದವರು ಯಾರೆಂದು ಒಬ್ಬೊಬ್ಬರದು ಒಂದೊಂದು ಕಥೆ. ಸತ್ತವನು ಶಿವಾಜಿ, ದೇಶದ ಗುಟ್ಟುಗಳನ್ನು ಜಪಾನಿಗೆ ಮಾರಿಕೊಂಡ ರೇಡಿಯೊ ಎಂಜಿನಿಯರ್. ಎಪ್ಪತ್ತು ವರ್ಷ ಹಳೆಯ ಚಿತ್ರದ ಗುಟ್ಟು ಬಿಟ್ಟುಕೊಟ್ಟರೆ ಯಾರೂ ಬೇಜಾರು ಮಾಡಿಕೊಳ್ಳಲಾರರು: ಅವನು ಸತ್ತದ್ದು ಹೆಂಡತಿಯ ಕೈಯಲ್ಲಿದ್ದ ಪಿಸ್ತೂಲಿನ ಗುಂಡಿಗೆ. ಆ ಹೆಂಡತಿ ಉಷಾ, ಪಂಡರೀಬಾಯಿ. ಬಾಯಿಬಿಟ್ಟು ಅಳುವ ಸತಿಯರ ಕಾಲದಲ್ಲಿ ಪ್ರೀತಿ ಒಂದು ಕಡೆ, ದೇಶ ಒಂದು ಕಡೆ ಎಂದು ಸೀಳಿಹೋದ ಹೆಣ್ಣನ್ನು ಆಕೆ ದನಿ ಎತ್ತದೆ ಆಡಿ ತೋರಿಸಿದ್ದಾರೆ. ಒಂದೇ ವರ್ಷದಲ್ಲಿ ಕಾಡಿನ ನೀಲಾ, ಪಟ್ಟಣದ ಉಷಾ.

ನಟಿಸಿ ಸುಮ್ಮನಾಗದೆ ಶ್ರೀ ಪಾಂಡುರಂಗ ಪ್ರೊಡಕ್ಷನ್ಸ್ ಎಂಬ ಸಂಸ್ಥೆ ಕಟ್ಟಿ ‘ಸಂತ ಸಖು’ (1955), ‘ರಾಯರ ಸೊಸೆ’ (1957) ಚಿತ್ರಗಳನ್ನು ನಿರ್ಮಿಸಿದರು. ಎರಡನೆಯದರಲ್ಲಿ ರಾಜ್‌ಕುಮಾರ್ ಇದ್ದರು, ತಂಗಿ ಮೈನಾವತಿಯೂ ಇದ್ದರು. ಹಿಂದಿಯಲ್ಲಿ ‘ಪೈಗಾಮ್’ (1959) ಬಂದಾಗ ಅಲ್ಲಿಯೂ ಗಂಡನ ಪಾತ್ರದಲ್ಲಿ ಸಿಕ್ಕಿದ್ದು ರಾಜ್‌ಕುಮಾರ್, ಆದರೆ ಮುಂಬಯಿಯವರು!

ಆಮೇಲೆ ಅಮ್ಮನ ಪಾತ್ರಗಳು ಶುರುವಾದವು. 1968ರ ‘ಕುಡಿಯಿರುಂದ ಕೋಯಿಲ್’ನಲ್ಲಿ ಎಂ.ಜಿ.ಆರ್. ಅವರ ತಾಯಿ. ಎಂ.ಜಿ.ಆರ್. ಹುಟ್ಟಿದ್ದು 1917ರಲ್ಲಿ. ತಾಯಿ ಮಗನಿಗಿಂತ ಹತ್ತು ವರ್ಷಕ್ಕೂ ಮಿಕ್ಕಿ ಚಿಕ್ಕವರು! ಮರುವರ್ಷ ‘ದೈವ ಮಗನ್’ನಲ್ಲಿ ಶಿವಾಜಿಗೆ ಮೂರು ಪಾತ್ರ, ಒಬ್ಬ ಅಪ್ಪ, ಇಬ್ಬರು ಮಕ್ಕಳು. ಪಂಡರೀಬಾಯಿ ಒಬ್ಬ ಶಿವಾಜಿಗೆ ಹೆಂಡತಿ, ಇನ್ನಿಬ್ಬರಿಗೆ ತಾಯಿ. ನಾಯಕರಿಗೆ ವಯಸ್ಸೇ ಆಗುವುದಿಲ್ಲ, ನಾಯಕಿಯರಿಗೆ ಮೂವತ್ತು ದಾಟಿದರೆ ನರೆ ಬಳಿದು ಕೂರಿಸುತ್ತಾರೆ. ಈ ಅನ್ಯಾಯವನ್ನು ನಾವು ಪ್ರೇಕ್ಷಕರೂ ಟಿಕೆಟ್ ಕೊಟ್ಟು ಒಪ್ಪಿಕೊಂಡಿದ್ದೇವೆ. ಪಂಡರೀಬಾಯಿ ಕೆಮ್ಮಿದರೆ ಸಾಕು, ಟೆಂಟಿನಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡ ಅಮ್ಮಂದಿರು ನಮ್ಮ ಹಳ್ಳಿಗಳಲ್ಲೂ ಕಡಿಮೆಯಿರಲಿಲ್ಲ.

ತಾಯಿಯ ಪಾತ್ರ ಎಂದರೆ ಕಣ್ಣೀರು, ಕೆಮ್ಮು, ಹೊಲಿಗೆ ಯಂತ್ರ ಎಂದಾಗಿಬಿಟ್ಟಿದ್ದ ಕಾಲದಲ್ಲಿ ‘ಬೆಳ್ಳಿಮೋಡ’ (1967) ಬೇರೆಯೇ. ಮೈಸೂರಿನ ತ್ರಿವೇಣಿಯವರ ಕಾದಂಬರಿ, ಪಿರಿಯಾಪಟ್ಟಣದ ಕಣಗಾಲಿನ ಪುಟ್ಟಣ್ಣನವರ ನಿರ್ದೇಶನ. ಒಬ್ಬಳೇ ಮಗಳು, ಆಸ್ತಿಯೆಲ್ಲ ಅವಳಿಗೇ ಎಂದು ಎಲ್ಲರೂ ನಂಬಿರುವ ಮನೆಯಲ್ಲಿ ತಾಯಿ ತಡವಾಗಿ ಬಸಿರಾಗುತ್ತಾಳೆ. ಗಂಡು ಮಗು ಹುಟ್ಟುತ್ತದೆ, ತಾಯಿ ತೀರಿಕೊಳ್ಳುತ್ತಾಳೆ, ಆಸ್ತಿಯ ಮೇಲೆ ಕಣ್ಣಿಟ್ಟಿದ್ದ ಭಾವೀ ಅಳಿಯನ ಮನಸ್ಸು ತಿರುಗುತ್ತದೆ. ಕಥೆಯೆಲ್ಲ ಮಗಳಾದ ಕಲ್ಪನಾ ಅವರದು, ಆದರೆ ಕಥೆ ಹೊರಳುವುದು ಪಂಡರೀಬಾಯಿಯವರ ಒಡಲಿನಲ್ಲಿ. ಬೆಳೆದ ಮಗಳ ಎದುರು ಬಸಿರಾದ ಹೆಂಗಸಿನ ಸಂಕೋಚ, ಸಂತೋಷ ಎರಡನ್ನೂ ನಮ್ಮ ಸಿನಿಮಾ ಅಲ್ಲಿಯವರೆಗೆ ಅಷ್ಟಾಗಿ ಮುಟ್ಟಿರಲಿಲ್ಲ.

1986ರಲ್ಲಿ ‘ಅನುರಾಗ ಅರಳಿತು’. 1954ರಲ್ಲಿ ರಾಜ್‌ಕುಮಾರ್‌ಗೆ ಹೆಂಡತಿಯಾಗಿದ್ದವರು ಈಗ ಅದೇ ರಾಜ್‌ಕುಮಾರ್ ಆರೈಕೆ ಮಾಡುವ ಕಾಯಿಲೆಯ ತಾಯಿ. ಇಬ್ಬರೂ ಹೆಚ್ಚುಕಡಿಮೆ ಓರಗೆಯವರು. 1992ರಲ್ಲಿ ತಮಿಳಿನವರು ಇದನ್ನೇ ‘ಮನ್ನನ್’ ಎಂದು ಮಾಡಿದಾಗ ನಾಯಕ ರಜನಿಕಾಂತ್ ಆದರು, ನಾಯಕಿ ವಿಜಯಶಾಂತಿ ಆದರು. ತಾಯಿಯ ಜಾಗಕ್ಕೆ ಮಾತ್ರ ಬೇರೆಯವರನ್ನು ಹುಡುಕಲಿಲ್ಲ. ಮದ್ರಾಸಿನಲ್ಲೇ ಬದುಕಿದ ಪಂಡರೀಬಾಯಿ 2003ರ ಜನವರಿ 29ರಂದು ಅಲ್ಲೇ ತೀರಿಕೊಂಡರು. ತಮಿಳರಿಗೆ ಇವತ್ತಿಗೂ ಅವರು ‘ಮನ್ನನ್’ನ ಅಮ್ಮ.

ಪಂಡರೀಬಾಯಿಯವರನ್ನು ಬರೀ ಅಮ್ಮನಾಗಿ ಕಂಡವರು ಈ ವಾರ ಬಿಡುವಾದಾಗ ‘ಅಂದ ನಾಳ್’ ಹಾಕಿಕೊಂಡು ಕೂರಲಿ. ತಮಿಳು ಬಾರದಿದ್ದರೂ ಕೊನೆಯ ಅರ್ಧ ಗಂಟೆ ಅರ್ಥವಾಗುತ್ತದೆ.