ಪ್ಲೇಗ್ ಕಂಡ ಹಳ್ಳಿಯ ಮ್ಯೂಸಿಯಂ

ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯ ಗುಡ್ಡಗಾಡಿನಲ್ಲಿ ಈಮ್ ಎಂಬ ಹಳ್ಳಿಯಿದೆ. ಅಲ್ಲಿನ ಹಳೆಯ ಮೆಥಡಿಸ್ಟ್ ಪ್ರಾರ್ಥನಾ ಮಂದಿರವೇ ಈಗ ಊರಿನ ಮ್ಯೂಸಿಯಂ. ಕ್ಲಾರೆನ್ಸ್ ಡೇನಿಯಲ್ ಎಂಬ ಸ್ಥಳೀಯ ಇತಿಹಾಸಕಾರರು ವರ್ಷಗಟ್ಟಲೆ ಕೂಡಿಟ್ಟು, ತಮ್ಮ ಮನೆಯಲ್ಲೇ ಜನರಿಗೆ ತೋರಿಸುತ್ತಿದ್ದ ಸಂಗ್ರಹ ಇದರ ಬುನಾದಿ. 1994ರಲ್ಲಿ ತೆರೆದ ಮ್ಯೂಸಿಯಂ ನಡೆಯುತ್ತಿರುವುದು ಸ್ವಯಂಸೇವಕರ ದುಡಿಮೆಯಿಂದ. ಮಾಡಿನ ಮೇಲೆ ಗಾಳಿಯ ದಿಕ್ಕು ತೋರುವ ಸೂಚಕಕ್ಕೆ ಇಲಿಯ ಆಕಾರ ಕೊಟ್ಟಿದ್ದಾರೆ. ಒಳಗಿನ ಕಥೆ ಏನೆಂಬುದು ಬಾಗಿಲಲ್ಲೇ ತಿಳಿಯುತ್ತದೆ.

1665ರಲ್ಲಿ ಲಂಡನ್ನಿನಿಂದ ಈ ಊರಿನ ದರ್ಜಿಯ ಮನೆಗೆ ಬಟ್ಟೆಯ ಗಂಟೊಂದು ಬಂತು. ಅದರೊಳಗಿನ ಚಿಗಟಗಳೇ ಪ್ಲೇಗ್ ತಂದವು ಎಂಬ ಮಾತು ಊರಿನಲ್ಲಿ ಉಳಿದುಬಂದಿದೆ. ಗಂಟು ಬಿಚ್ಚಿದ ಜಾರ್ಜ್ ವಿಕರ್ಸ್ ಸೆಪ್ಟೆಂಬರಿನಲ್ಲಿ ಸತ್ತ. ಮರುವರ್ಷ ರೋಗ ಉಲ್ಬಣಿಸಿದಾಗ ಪಾದ್ರಿ ವಿಲಿಯಂ ಮಾಂಪೆಸನ್ ಮತ್ತು ಅವರಿಗೂ ಹಿಂದೆ ಪಾದ್ರಿಯಾಗಿದ್ದ ಥಾಮಸ್ ಸ್ಟ್ಯಾನ್ಲಿ ಸೇರಿ ಊರವರನ್ನು ಒಪ್ಪಿಸಿದರು: ನೆರೆಹಳ್ಳಿಗಳಿಗೆ ರೋಗ ಹಬ್ಬದಿರಲು ಯಾರೂ ಗಡಿ ದಾಟಕೂಡದು. ಪ್ರಾರ್ಥನೆ ಬಯಲಿಗೆ ಬಂತು. ಸತ್ತವರನ್ನು ಮನೆಯವರೇ ತಮ್ಮ ಹೊಲ, ಹಿತ್ತಲುಗಳಲ್ಲಿ ಹೂಳಿದರು. ಎಲಿಜಬೆತ್ ಹ್ಯಾನ್‌ಕಾಕ್ ಎಂಬಾಕೆ 1666ರ ಆಗಸ್ಟಿನಲ್ಲಿ ಎಂಟೇ ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಮಣ್ಣು ಮಾಡಿದಳು. ಮಾಂಪೆಸನ್ನರ ಹೆಂಡತಿ ಕ್ಯಾಥರೀನ್ ತೀರಿಕೊಂಡದ್ದೂ ಅದೇ ತಿಂಗಳು. ನವೆಂಬರ್ ಹೊತ್ತಿಗೆ ರೋಗ ಅಡಗುವಾಗ ಸುಮಾರು 260 ಜನ ಇಲ್ಲವಾಗಿದ್ದರು.

ಮ್ಯೂಸಿಯಂ ಈ ಸಂಖ್ಯೆಯನ್ನಷ್ಟೇ ಹೇಳಿ ಕೈಬಿಡುವುದಿಲ್ಲ. ಯಾವ ಮನೆತನದಲ್ಲಿ ಯಾರು ಸತ್ತರು, ಯಾರು ಉಳಿದರು ಎಂದು ಹೆಸರು ಹಿಡಿದು ಹೇಳುತ್ತದೆ. ಅದರ ನಿಜವಾದ ಬೆಲೆ ಇರುವುದು ಇಲ್ಲೇ. ಹಂದಿಯ ಕೊಬ್ಬು ಕುಡಿದು ಬದುಕಿದಳೆನ್ನುವ ಮಾರ್ಗರೆಟ್ ಬ್ಲ್ಯಾಕ್‌ವೆಲ್ಲಳ ಕಥೆಯೂ ಇಲ್ಲಿದೆ. ಸೀಸದ ಗಣಿ ಮುಂತಾದ ಊರಿನ ಕಸುಬುಗಳಿಗೂ ಜಾಗ ಸಿಕ್ಕಿದೆ.

ಚಿಗಟದ ಕಥೆಗೆ ಈಗ ತಿದ್ದುಪಡಿ ಬೇಕಾಗಿದೆ. ಚರ್ಚಿನ ದಾಖಲೆಗಳನ್ನು ಆಧರಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇಲ್ಲಿ ನಾಲ್ಕರಲ್ಲಿ ಮೂರು ಪಾಲು ಸೋಂಕು ಮನುಷ್ಯರಿಂದ ಮನುಷ್ಯರಿಗೇ, ಅದೂ ಹೆಚ್ಚಾಗಿ ಒಂದೇ ಮನೆಯೊಳಗೆ, ಹರಡಿತೆಂದು ಅಂದಾಜಿಸಿದೆ. ಹಾಗಿದ್ದರೆ ಗಡಿ ಕಟ್ಟಿಕೊಂಡ ತೀರ್ಮಾನ ಹೊರಗಿನವರಿಗೆ ನೆರಳಾಯಿತು, ಒಳಗಿನವರು ಅದಕ್ಕೆ ಬೆಲೆ ತೆತ್ತರು.

ಮ್ಯೂಸಿಯಂ ನೋಡಿದವರು ಊರಾಚೆಯ ಗಡಿಕಲ್ಲಿನವರೆಗೂ ನಡೆಯಬೇಕು. ಅದರ ಮೇಲೆ ಆರು ಕುಳಿಗಳಿವೆ. ಹಳ್ಳಿಗರು ಅವುಗಳಲ್ಲಿ ವಿನೆಗರ್ ತುಂಬಿ ನಾಣ್ಯ ಇಡುತ್ತಿದ್ದರು. ನೆರೆಯೂರಿನವರು ದವಸ, ಔಷಧಿ ಇಟ್ಟು ಆ ಹಣ ಒಯ್ಯುತ್ತಿದ್ದರು. ಚಳಿಗಾಲದಲ್ಲಿ ಮ್ಯೂಸಿಯಂ ಮುಚ್ಚಿರುವುದರಿಂದ ಬೇಸಿಗೆಯ ಭೇಟಿಯೇ ಲೇಸು. ಆಗಸ್ಟಿನ ಕೊನೆಯ ಭಾನುವಾರ ಸತ್ತವರ ನೆನಪಿಗೆ ಊರಿನಲ್ಲಿ ಪ್ರಾರ್ಥನೆಯೂ ನಡೆಯುತ್ತದೆ.