ದೋಣಿಗೆ ಕಿವಿಗೊಡುವ ಮೇಸ್ತ್ರಿ

ಮೇ ತಿಂಗಳ ಬೆಳಿಗ್ಗೆ. ಗಂಗೊಳ್ಳಿಯ ಹೊಳೆದಂಡೆಯಲ್ಲಿ ಮಗುಚಿ ಹಾಕಿದ್ದ ಒಂದು ನೀಲಿ ಫೈಬರ್ ದೋಣಿಯ ಸುತ್ತ ಮೇಸ್ತ್ರಿ ನಿಧಾನಕ್ಕೆ ನಡೆಯುತ್ತಿದ್ದರು. ಬಲಗೈಯಲ್ಲಿ ಹಳೆಯ ಕಾಲದ ದಪ್ಪ ಒಂದು ರೂಪಾಯಿ ನಾಣ್ಯ, ಎಡಗೈಯಲ್ಲಿ ಸೀಮೆಸುಣ್ಣ. ಗೇಣಿಗೊಂದು ಸಲ ನಾಣ್ಯದ ಅಂಚಿನಿಂದ ದೋಣಿಯ ಮೈಗೆ ತಟ್ಟುತ್ತಾರೆ. ಠಣ್, ಠಣ್, ಠಣ್. ಮತ್ತೊಂದು ಹೆಜ್ಜೆ. ಠಣ್, ಡಬ್. ಅಲ್ಲೇ ನಿಂತು, ಆ 'ಡಬ್' ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಹುಡುಕಿ, ಸುತ್ತ ಸೀಮೆಸುಣ್ಣದಲ್ಲಿ ಒಂದು ಬಳೆ ಬರೆಯುತ್ತಾರೆ. ಬಿಸಿಲೇರುವ ಹೊತ್ತಿಗೆ ದೋಣಿಯ ಮೈಮೇಲೆ ಅಂಥ 17 ಬಳೆಗಳಾಗಿದ್ದವು.

ಕೊಳ್ಳಲು ಬಂದವನು ಇಪ್ಪತ್ತೇಳರ ಹುಡುಗ. ಐದಾರು ವರ್ಷ ಬೇರೆಯವರ ಬೋಟಿನಲ್ಲಿ ದುಡಿದು ಈಗ ಸ್ವಂತಕ್ಕೊಂದು ನಾಡದೋಣಿ ಮಾಡಿಕೊಳ್ಳುವ ಆಸೆ. ಹೊಸದಕ್ಕೆ ಕೈ ಎಟುಕುವುದಿಲ್ಲ. ಎಂಜಿನ್ ಇಲ್ಲದ ಈ ಹಳೆಯ ಒಡಲಿಗೆ ಮಾಲೀಕರು 80,000 ರೂಪಾಯಿ ಹೇಳಿದ್ದರು. ಮೊನ್ನೆಯಷ್ಟೇ ಬಳಿದ ಬಣ್ಣ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು.

"ಬಣ್ಣ ಕಂಡ್ ದೋಣಿ ತಕಂಬುಕಾಗ ಮಗಾ," ಎಂದರು ಮೇಸ್ತ್ರಿ. "ಬಣ್ಣ ಮಾತಾಡ್ತಿಲ್ಲ. ಮೈ ಮಾತಾಡತ್ತ್."

ನಾನು ಅಲ್ಲಿಗೆ ಹೋದದ್ದೇ ಈ ನಾಣ್ಯದ ಕತೆ ಕೇಳಿ. ಕುಂದಾಪುರ ಕಡೆ ನಾಡದೋಣಿ ಇಟ್ಟವರಲ್ಲಿ ಹಲವರು ಹಳೆಯ ದೋಣಿಗೆ ಮುಂಗಡ ಕೊಡುವ ಮುಂಚೆ ಇವರನ್ನು ಕರೆದುಕೊಂಡು ಹೋಗುತ್ತಾರೆ. ಇವರು ತಟ್ಟುತ್ತಾರೆ, ಬಳೆ ಬರೆಯುತ್ತಾರೆ, ಕೊನೆಗೆ 'ಅಡ್ಡಿಲ್ಲ' ಅಥವಾ 'ಬ್ಯಾಡ' ಎನ್ನುತ್ತಾರೆ. ಆ ಒಂದು ಮಾತಿಗಾಗಿ ಮರವಂತೆ, ಕೊಡೇರಿಯಿಂದಲೂ ಜನ ಬರುತ್ತಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡರು. ದಂಡೆಯಲ್ಲಿ ಎಲ್ಲರೂ ಕರೆಯುವುದು 'ಮೇಸ್ತ್ರಿ' ಎಂದೇ, ನಾನೂ ಹಾಗೇ ಕರೆಯುತ್ತೇನೆ.

ಈ 'ಡಬ್' ಎಂದರೇನು? ಮೇಸ್ತ್ರಿ ಕೊಟ್ಟ ಉತ್ತರ ನಮ್ಮ ಅಡುಗೆಮನೆಯದು. ಫೈಬರ್ ದೋಣಿ ಪತ್ರೊಡೆ ಇದ್ದಂತೆ. ಎಲೆಗೆ ಹಿಟ್ಟು ಸವರಿ, ಮೇಲೊಂದು ಎಲೆ ಇಟ್ಟು, ಮತ್ತೆ ಹಿಟ್ಟು ಸವರಿ ಸುತ್ತಿದ ಹಾಗೆ, ಗಾಜಿನ ಎಳೆಗಳ ಚಾಪೆಗೆ ರಾಳ ಸವರಿ, ಮೇಲೆ ಗಾಜಿನ ನೇಯ್ಗೆ ಹಾಸಿ, ಮತ್ತೆ ರಾಳ ಸವರಿ ಪದರ ಪದರವಾಗಿ ಕಟ್ಟಿದ್ದು. ಹಿಟ್ಟು ಸರಿಯಾಗಿ ಹಿಡಿದರೆ ಇಡೀ ಪತ್ರೊಡೆ ಒಂದೇ ತುಂಡು. ಹಿಡಿಯದಿದ್ದರೆ ಎಲೆ ಎಲೆ ಬಿಡಿಸಿಕೊಳ್ಳುತ್ತದೆ. ವರ್ಷಾನುಗಟ್ಟಲೆ ಅಲೆಗೆ ಬಡಿಸಿಕೊಂಡ ದೋಣಿಯಲ್ಲಿ ಪದರಗಳು ಒಳಗೊಳಗೇ ಬಿಡುತ್ತವೆ. ಕಣ್ಣಿಗೆ ಏನೂ ಕಾಣುವುದಿಲ್ಲ. ನಾಣ್ಯ ತಟ್ಟಿದರೆ ಮಾತ್ರ ನಡುವಿನ ಟೊಳ್ಳು ಸದ್ದಾಗಿ ಹೊರಗೆ ಬರುತ್ತದೆ.

ತಟ್ಟುವುದಷ್ಟೇ ಅಲ್ಲ, ಅವರು ಮೂಸುತ್ತಾರೆ ಕೂಡ. ನೀರಿನಲ್ಲಿ ಮುಳುಗಿರುವ ಭಾಗದಲ್ಲಿ ಸಣ್ಣ ಸಣ್ಣ ಬೊಕ್ಕೆಗಳೆದ್ದಿದ್ದವು. ಮೊಳೆಯಿಂದ ಒಂದನ್ನು ಚುಚ್ಚಿದಾಗ ಅಂಟಂಟು ನೀರು ಜಿನುಗಿತು. ಬೆರಳಿಗೆ ಹಚ್ಚಿ ನನ್ನ ಮೂಗಿನ ಹತ್ತಿರ ಹಿಡಿದರು. ವಿನೆಗರಿನಂಥ ಹುಳಿ ವಾಸನೆ. ಮೇಲಿನ ನುಣುಪು ಪದರವಾದ ಜೆಲ್‌ಕೋಟ್ ದಾಟಿ ನೀರು ಬಹಳ ನಿಧಾನವಾಗಿ ಒಳಗಿಳಿಯುತ್ತದೆ. ಅಲ್ಲಿ ಸರಿಯಾಗಿ ಗಟ್ಟಿಯಾಗದೆ ಉಳಿದ ರಾಸಾಯನಿಕದ ಜತೆ ಸೇರಿ ಹುಳಿಯಾಗುತ್ತದೆ. ಆ ದ್ರವ ಇನ್ನಷ್ಟು ನೀರನ್ನು ತನ್ನತ್ತ ಎಳೆದುಕೊಂಡು ಉಬ್ಬುತ್ತದೆ. ಒಂದೆರಡು ಬೊಕ್ಕೆಗೆ ಹೆದರಬೇಕಾಗಿಲ್ಲ. ಮೈತುಂಬಾ ಎದ್ದಿದ್ದರೆ ಆ ದೋಣಿಯ ಸಹವಾಸ ಬೇಡ.

ಆಮೇಲೆ ಹಿಂಬದಿಗೆ ಹೋದರು. ಎಂಜಿನ್ ನೇತುಹಾಕುವ ಆ ಅಡ್ಡ ಗೋಡೆಯೇ ಹಳೆಯ ದೋಣಿಯ ಜೀವದ ಜಾಗ. ಹೊರಗಿನಿಂದ ಫೈಬರಾದರೂ ಬಲಕ್ಕೆಂದು ಒಳಗೆ ಪ್ಲೈವುಡ್ ಕೂರಿಸಿರುತ್ತಾರೆ. ಎಂಜಿನ್ನಿನ ಬೋಲ್ಟು ಹಾಕಿದ ತೂತಿನಿಂದ ಹನಿ ಹನಿಯಾಗಿ ನೀರು ಹೊಕ್ಕರೆ ಹೊರಮೈ ಗಟ್ಟಿ ಇದ್ದಂತೆಯೇ ಒಳಗಿನ ಮರ ಕೊಳೆಯುತ್ತದೆ. ಮೇಸ್ತ್ರಿ ಮಾಲೀಕರ ಒಪ್ಪಿಗೆ ಕೇಳಿ ಸಣ್ಣದೊಂದು ಡ್ರಿಲ್ ಇಳಿಸಿದರು. ಬಿಳಿಯ ಒಣ ಹುಡಿ ಬಂದರೆ ಸಮಾಧಾನ. ಬಂದದ್ದು ಕಾಫಿ ಗಸಿಯಂಥ ಕಪ್ಪು ಒದ್ದೆ. ಹುಡುಗನ ಮುಖ ಸಣ್ಣಗಾಯಿತು.

ಕೊನೆಯಲ್ಲಿ ಮಾಲೀಕರಿಗೆ ಒಂದೇ ಪ್ರಶ್ನೆ: "ದೋಣಿ ಎಳಿಯುಕೆ ಮೊದ್ಲ್ ಎಷ್ಟ್ ಜನ ಬೇಕಾಯ್ತಿತ್ತ್, ಈಗ ಎಷ್ಟ್ ಜನ ಬೇಕ್?" ಮೊದಲು ಹನ್ನೆರಡು, ಈಗ ಹದಿನಾರು ಎಂಬ ಉತ್ತರ ಬಂತು. ನಾಲ್ಕು ಜನರಷ್ಟು ಭಾರದ ನೀರನ್ನು ದೋಣಿ ಕುಡಿದು ಕೂತಿದೆ ಎಂಬುದು ಅವರ ಲೆಕ್ಕ. ಇಷ್ಟು ಚೊಕ್ಕವಾದ ತಕ್ಕಡಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಮಾತುಕತೆ ನಡೆದು 52,000ಕ್ಕೆ ಇಳಿಯಿತು. ಅಡಿಯ ನಡುಗೆರೆ ನೆಟ್ಟಗಿದೆ, ಎಲ್ಲೂ ತಿರುಚಿಕೊಂಡಿಲ್ಲ, ಹಿಂಬದಿಯನ್ನು ಹೊಸದಾಗಿ ಕಟ್ಟಿದರೆ ದೋಣಿ ಇನ್ನೂ ಬಹಳ ವರ್ಷ ಬಾಳುತ್ತದೆ, 'ಅಡ್ಡಿಲ್ಲ' ಎಂದರು ಮೇಸ್ತ್ರಿ. ದುಡ್ಡು ಕೈ ಬದಲಾಗುವ ಮುಂಚೆ ಮೀನುಗಾರಿಕೆ ಇಲಾಖೆಯ ನೋಂದಣಿ ಪತ್ರವನ್ನೂ ಒಡಲ ಮೇಲಿನ ನಂಬರನ್ನೂ ಅಕ್ಷರ ಅಕ್ಷರ ತಾಳೆ ನೋಡಿದರು. ನೋಂದಣಿ ಹೊಸಬನ ಹೆಸರಿಗೆ ಬಾರದಿದ್ದರೆ ಮುಂದೆ ಯಾವ ಸವಲತ್ತಿಗೂ ಪರದಾಟ.

ಚರಿತ್ರೆಯನ್ನು ಕೇಳಿದರೆ ಮೇಸ್ತ್ರಿ ಹೇಳುವುದು ಅವರ ಅಪ್ಪಯ್ಯನ ಕತೆ. ಅಪ್ಪಯ್ಯ ಮರದ ದೋಣಿಯ ಆಚಾರಿಗಳ ಕೈಕೆಳಗೆ ದುಡಿದವರು. ಮಾವಿನ ದಿಮ್ಮಿ ಕೊರೆದ ಪಾತಿ ದೋಣಿ, ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದ ದೊಡ್ಡ ದೋಣಿ, ಹುಳ ಹಿಡಿಯದಿರಲೆಂದು ವರ್ಷಾವರ್ಷ ಬಳಿಯುವ ಗೇರು ಸಿಪ್ಪೆಯ ಎಣ್ಣೆ. ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಯ ಕಾಲ ಅದು. 1970ರ ದಶಕದ ಕೊನೆಗೆ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದವು, ರಂಪಣಿ ಮೂಲೆಗೆ ಸರಿಯಿತು. ಮರ ತುಟ್ಟಿಯಾಯಿತು, ದೋಣಿಗೆ ಹೊರಗಿನಿಂದ ಎಂಜಿನ್ ಸಿಕ್ಕಿಸುವುದು ಬಂತು, ಅದರ ಬೆನ್ನಿಗೇ ಫೈಬರ್ ಬಂತು. ಶುರುವಿನಲ್ಲಿ ಹಳೆಯ ಮರದ ದೋಣಿಗೇ ಫೈಬರಿನ ಹೊದಿಕೆ ಹಾಕಿಸುತ್ತಿದ್ದರಂತೆ. ಮೇಸ್ತ್ರಿ ಕೆಲಸ ಕಲಿತದ್ದು ಆ ಹೊದಿಕೆಯಲ್ಲಿ. ಅಮೆರಿಕದ ಓಹಾಯೊದಲ್ಲಿ ರೇ ಗ್ರೀನ್ ಎಂಬವರು 1942ರಲ್ಲಿ ಗಾಜಿನ ಎಳೆ ಮತ್ತು ರಾಳದಿಂದ ಸಣ್ಣ ದೋಣಿಯೊಂದನ್ನು ಮಾಡಿದ್ದರೆಂದು ನಾನು ಹೇಳಿದೆ. "ಹೌದಾ? ಅವ್ರಿಗೂ ಮೈ ತುರಿಸಿರ್ಕ್," ಎಂದರು.

ಆ ತುರಿಕೆ ಏನೆಂದು ಮರುದಿನ ತಿಳಿಯಿತು. ಸೀಮೆಸುಣ್ಣದ ಬಳೆಗಳ ಮೇಲೆ ಗ್ರೈಂಡರ್ ಇಟ್ಟೊಡನೆ ಬಿಳಿಯ ಮೋಡ ಎದ್ದಿತು. ಗಾಜಿನ ಹುಡಿ. ಮೇಸ್ತ್ರಿ ಮೈಗೆಲ್ಲ ತೆಂಗಿನೆಣ್ಣೆ ಸವರಿಕೊಂಡು, ಮೂಗು ಬಾಯಿಗೆ ಮಾಸ್ಕು ಕಟ್ಟಿ, ಉದ್ದ ತೋಳಿನ ಅಂಗಿ ಹಾಕಿಕೊಂಡಿದ್ದರು. ಆದರೂ ಸಂಜೆ ತಣ್ಣೀರಿನಲ್ಲೇ ಮೀಯಬೇಕು. ಬಿಸಿನೀರು ಸುರಿದುಕೊಂಡರೆ ರಾತ್ರಿಯಿಡೀ ನಿದ್ದೆ ಇಲ್ಲ ಎನ್ನುತ್ತಾರೆ.

ಕೆಟ್ಟ ಜಾಗವನ್ನು ತೂತು ತೆಗೆದು ಮುಚ್ಚಿದರೆ ಆಗುವುದಿಲ್ಲ. ಬಟ್ಟಲಿನ ಹಾಗೆ ಇಳಿಜಾರಾಗಿ ಕೆರೆಯಬೇಕು. ಗಾಯದ ಆಳ ಒಂದಂಗುಲವಿದ್ದರೆ ಸುತ್ತಲಿನ ಇಳಿಜಾರು ಹನ್ನೆರಡು ಅಂಗುಲವಿರಬೇಕು, ಆಗಲೇ ಹೊಸ ಪದರ ಹಳೆಯದನ್ನು ಬಿಗಿಯಾಗಿ ಹಿಡಿಯುವುದು. ಆಮೇಲೆ ಒಣಗಲು ಬಿಡಬೇಕು. ದುಡ್ಡು ಕೊಟ್ಟವನಿಗೆ ಈ ಕಾಯುವ ಕೆಲಸವೇ ಕಷ್ಟ. ಒದ್ದೆಯ ಮೇಲೆ ರಾಳ ಹಾಕಿದರೆ ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ 'ಡಬ್'. ನಾಡದೋಣಿಯವರ ಸುಗ್ಗಿ ಇರುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರಿಕ ಬೋಟುಗಳು ದಡದಲ್ಲಿ ಕೂತಾಗ ಕಡಲು ಇವರದು. ಅಷ್ಟರೊಳಗೆ ದೋಣಿ ನೀರಿಗಿಳಿಯಬೇಕು. ಹೀಗಾಗಿ ಮೇಸ್ತ್ರಿಗೆ ಸಿಗುವುದು ಏಪ್ರಿಲ್, ಮೇ ಬಿಸಿಲು ಮಾತ್ರ.

ಆ ಬಿಸಿಲು ಗೆಳೆಯನೂ ಹೌದು, ವೈರಿಯೂ ಹೌದು. ರಾಳಕ್ಕೆ ಬೆರೆಸುವ ಹಾರ್ಡ್‌ನರ್ ನೂರಕ್ಕೆ ಒಂದೆರಡು ಪಾಲು. ಬಿಸಿಲು ಜೋರಿದ್ದಾಗ ತುಸು ಹೆಚ್ಚಾದರೂ ಸವರುವ ಮುಂಚೆಯೇ ಡಬ್ಬದಲ್ಲಿ ಬೆಲ್ಲದ ಪಾಕದಂತೆ ಗಟ್ಟಿಯಾಗಿ ಹೊಗೆಯಾಡುತ್ತದೆ. ಈ ಹಾರ್ಡ್‌ನರನ್ನೂ ರಾಳ ಬೇಗ ಗಟ್ಟಿಯಾಗಲೆಂದು ಬೆರೆಸುವ ನೇರಳೆ ಬಣ್ಣದ ಕೋಬಾಲ್ಟನ್ನೂ ನೇರವಾಗಿ ಒಂದಕ್ಕೊಂದು ತಾಗಿಸಿದರೆ ಸಿಡಿಯುವ ಅಪಾಯವಿದೆ. ಹಾಗಾಗಿ ಆ ಎರಡು ಬಾಟಲಿಗಳನ್ನು ಮೇಸ್ತ್ರಿ ಶೆಡ್ಡಿನ ಎರಡು ಮೂಲೆಗಳಲ್ಲಿ ಇಡುತ್ತಾರೆ. ಚಾಪೆ, ನೇಯ್ಗೆ, ಚಾಪೆ; ಪ್ರತಿ ಪದರಕ್ಕೂ ರೋಲರ್ ಒತ್ತಿ ಗಾಳಿಗುಳ್ಳೆ ಓಡಿಸುವುದು. ಉಳಿದದ್ದು ಉಜ್ಜುವುದು, ಬಣ್ಣ ಬಳಿಯುವುದು.

ಹಿಂಬದಿಯ ಕೊಳೆತ ಪ್ಲೈವುಡ್ಡನ್ನು ಉಳಿಯಿಂದ ಕಿತ್ತು ತೆಗೆಯಲು ಎರಡು ದಿನ ಹಿಡಿಯಿತು. ಹುಡುಗ ತಾನೇ ಕೂತು ಕಿತ್ತ. ಕೂಲಿ ಉಳಿಯುತ್ತದೆ ಎಂಬುದೊಂದು ಕಾರಣ. ತನ್ನ ದೋಣಿಯ ಒಳಗು ತನಗೆ ತಿಳಿದಿರಲಿ ಎಂಬುದು ಮೇಸ್ತ್ರಿ ಕೊಟ್ಟ ಇನ್ನೊಂದು ಕಾರಣ.

ಈ ದಂಡೆಯುದ್ದಕ್ಕೂ ಯಾರಿಗೂ ಬೇಡವಾದ ಫೈಬರ್ ಒಡಲುಗಳು ಬಿದ್ದಿವೆ. ಒಂದರ ಕೆಳಗೆ ಕೋಳಿಗಳು, ಇನ್ನೊಂದರೊಳಗೆ ಮಳೆನೀರು ಮತ್ತು ಸೊಳ್ಳೆ. ಮರದ ದೋಣಿ ಸತ್ತರೆ ಮಣ್ಣಾಗುತ್ತಿತ್ತು, ಇಲ್ಲವೇ ಬಚ್ಚಲ ಒಲೆಗೆ ಸೌದೆಯಾಗುತ್ತಿತ್ತು. ಫೈಬರ್ ಮಣ್ಣಾಗುವುದಿಲ್ಲ, ಸುಟ್ಟರೆ ವಿಷದ ಹೊಗೆ, ಒಮ್ಮೆ ಗಟ್ಟಿಯಾದ ರಾಳ ಮತ್ತೆ ಕರಗುವುದೂ ಇಲ್ಲ. ಇಂಥ ವಸ್ತುವನ್ನು ಊರಿಗೆ ತಂದ ಮೇಲೆ ಅದನ್ನು ದುರಸ್ತಿ ಮಾಡುವ ಕೈಗಳನ್ನು ಸಾಕುವುದು ನಮ್ಮ ಹೊಣೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಂಪ್ರದಾಯಿಕ ಮೀನುಗಾರರು ಹಳೆಯ ದೋಣಿಯ ಬದಲಿಗೆ ಹೊಸದನ್ನು ಪಡೆಯಲು ನೆರವಿದೆ. ಒಳ್ಳೆಯದೇ. ಅದೇ ಉತ್ಸಾಹದಲ್ಲಿ ಪ್ರತಿ ಬಂದರಿನಲ್ಲೂ ನೆರಳಿರುವ ಒಂದು ದುರಸ್ತಿ ಚಪ್ಪರ, ಹುಡಿ ಎಳೆದುಕೊಳ್ಳುವ ಯಂತ್ರ, ನಾಲ್ಕು ಹುಡುಗರಿಗೆ ಕಲಿಯುವಾಗ ಕೈಗಿಷ್ಟು ಕಾಸು ಸಿಕ್ಕಿದರೆ ದಂಡೆಯ ಮೇಲೆ ಬಿದ್ದಿರುವ ಇವುಗಳಲ್ಲಿ ಎಷ್ಟೋ ದೋಣಿಗಳು ಮತ್ತೆ ಬಂಗುಡೆ, ಬೂತಾಯಿ ತುಂಬಿಕೊಂಡು ಬರಬಲ್ಲವು.

ಮೇಸ್ತ್ರಿಯ ಬಗ್ಗೆ ಹೇಳದೆ ಉಳಿಸಿಕೊಂಡ ಮಾತೊಂದಿದೆ. ಮೂವತ್ತು ವರ್ಷ ಗ್ರೈಂಡರಿನ ಪಕ್ಕದಲ್ಲಿ ನಿಂತು ಅವರ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯೂ ಮಂದವಾಗುತ್ತಿದೆ. ಮೊದಲ ದಿನ ಅವರು ದೋಣಿ ತಟ್ಟುವಾಗ ಸೀಮೆಸುಣ್ಣವನ್ನು ಆಗಾಗ ಕಿವಿಯ ಹಿಂದೆ ಸಿಕ್ಕಿಸಿ ಎಡ ಅಂಗೈಯನ್ನು ಒಡಲಿಗೆ ಒತ್ತಿ ಹಿಡಿಯುತ್ತಿದ್ದುದನ್ನು ನೋಡಿದ್ದೆ, ಅಭ್ಯಾಸ ಇರಬೇಕು ಎಂದುಕೊಂಡಿದ್ದೆ. ಕಿವಿಗೆ ಸಿಗದ 'ಡಬ್' ಅನ್ನು ಅವರು ಅಂಗೈಯಲ್ಲಿ ಹಿಡಿಯುತ್ತಾರೆ. ಗಟ್ಟಿ ಜಾಗದಲ್ಲಿ ತಟ್ಟಿದರೆ ಕೈಗೆ ಜುಮ್ಮೆನ್ನುತ್ತದೆ, ಟೊಳ್ಳಿನಲ್ಲಿ ತಟ್ಟಿದರೆ ಏನೂ ಇಲ್ಲ.

ದೋಣಿ ನೀರಿಗಿಳಿಯುವ ಹಿಂದಿನ ಸಂಜೆ ಮತ್ತೆ ಹೋಗಿದ್ದೆ. ಹೊಳೆಯ ಮೇಲೆ ಮಳೆಮೋಡ ಕಟ್ಟಿತ್ತು. ಬಣ್ಣ ಇನ್ನೂ ಆಗಿರಲಿಲ್ಲ, ಹೊಸ ಪದರಗಳು ಹಳದಿ ತೇಪೆಗಳಂತೆ ಕಾಣುತ್ತಿದ್ದವು. ನಾಣ್ಯ ಹುಡುಗನ ಕೈಯಲ್ಲಿತ್ತು. ಅವನು ಗೇಣಿಗೊಂದು ಸಲ ತಟ್ಟುತ್ತಾ ಹೋದ. ಮೇಸ್ತ್ರಿ ಒಡಲಿನ ಆಚೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಅಂಗೈ ಇಟ್ಟು ಕಣ್ಣು ಮುಚ್ಚಿದ್ದರು. ಹಿಂಬದಿಗೆ ಬಂದಾಗ ಹುಡುಗ ಎರಡು ಸಲ ತಟ್ಟಿ ನಿಂತ.

"ಹ್ವಾಯ್ ಮೇಸ್ತ್ರಿ, ಕೇಂತಾ?"

ಅವರು ಕಣ್ಣು ತೆರೆಯಲಿಲ್ಲ. "ನಿಂಗೆ ಕೇಂತಲ್ದಾ?" ಎಂದರು. "ಸಾಕ್."